ಕೆಳಗೆ ಒದ್ದೆ, ಮೇಲೆ ಒಣ: ದೇವನಹಳ್ಳಿಯ ಒಂದು ಮಂಜಿನ ರಾತ್ರಿ

ಡಿಸೆಂಬರ್ ಕೊನೆಯ ವಾರ, ಬೆಳಗಿನ ಜಾವ ಐದೂಕಾಲು. ವಿಮಾನ ನಿಲ್ದಾಣದ ರಸ್ತೆಯಲ್ಲಿ ಕಾರುಗಳೆಲ್ಲ ಇಂಡಿಕೇಟರ್ ಮಿಣುಕಿಸಿಕೊಂಡು ತೆವಳುತ್ತಿದ್ದವು. ಮುಂದಿನ ಗಾಡಿಯ ಕೆಂಪು ದೀಪ ಬಿಟ್ಟರೆ ಬೇರೇನೂ ಕಾಣುತ್ತಿರಲಿಲ್ಲ. ಅತ್ತಿಗೆಯನ್ನು ದೆಹಲಿ ವಿಮಾನಕ್ಕೆ ಬಿಡಲು ಹೊರಟಿದ್ದೆ. ಹೇಗೋ ತಲುಪಿಸಿದೆ. ಹತ್ತು ನಿಮಿಷಕ್ಕೆ ಒಳಗಿಂದ ಫೋನ್ ಬಂತು.

"ಎಲ್ಲಾ ವಿಮಾನನೂ ಲೇಟಂತೆ ಕಣೋ. ರಾತ್ರಿ ನಕ್ಷತ್ರ ಎಣಿಸೋ ಹಾಗಿತ್ತಲ್ಲೋ, ಇದೆಲ್ಲಿಂದ ಬಂತು?"

ನಕ್ಷತ್ರ ಎಣಿಸೋ ಹಾಗಿದ್ದದ್ದರಿಂದಲೇ ಬಂತು ಅಂತ ಹೇಳಿದರೆ ಆ ಹೊತ್ತಿನಲ್ಲಿ ಬೈಸಿಕೊಳ್ಳಬೇಕಾಗುತ್ತಿತ್ತು. ಸುಮ್ಮನಾದೆ. ಆರೂಮುಕ್ಕಾಲಿಗೆ ನಂದಿಬೆಟ್ಟದಿಂದ ಗೆಳೆಯನೊಬ್ಬ ಫೋಟೊ ಕಳಿಸಿದ. ತಲೆ ಮೇಲೆ ತಿಳಿ ನೀಲಿ ಆಕಾಶ, ಕಾಲ ಕೆಳಗೆ ಹತ್ತಿ ಹಾಸಿದಂಥ ಬಿಳಿ ಸಮುದ್ರ. ಬೆಟ್ಟದ ತುದಿ 1478 ಮೀಟರ್ ಎತ್ತರದಲ್ಲಿದೆ, ವಿಮಾನ ನಿಲ್ದಾಣ ಸುಮಾರು 915 ಮೀಟರ್. ಅವನು ಸೆಲ್ಫಿ ತೆಗೆದುಕೊಂಡ ಮೋಡದ ತಳದಲ್ಲೇ ನಮ್ಮತ್ತಿಗೆ ಕಾಫಿ ಹಿಡಿದು ಕೂತಿದ್ದರು.

ಈ ಒಂದು ರಾತ್ರಿಯನ್ನೇ ಸಂಜೆಯಿಂದ ಬಿಚ್ಚಿ ನೋಡೋಣ ಅನ್ನಿಸಿತು. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಮುಂದೆ ಬರುವ ಉಷ್ಣತೆ, ತೇವಾಂಶದ ಅಂಕಿಗಳು ಯಾವುದೋ ತಾರೀಖಿನ ದಾಖಲೆಯಲ್ಲ. ಇಂಥ ರಾತ್ರಿಗೆ ಹೊಂದುವ ಅಂಕಿ ಹಿಡಿದು, ಗೊತ್ತಿರುವ ಸೂತ್ರ ಹಾಕಿ ನಾನು ಮಾಡಿದ ಲೆಕ್ಕ.

ಸಂಜೆ ಆರು

ಹಿಂದಿನ ದಿನ ಸಂಜೆಯೇ ನಾವಿಬ್ಬರೂ ಚಿಕ್ಕಪ್ಪನ ಮನೆಗೆ ಬಂದಿದ್ದೆವು. ದೇವನಹಳ್ಳಿ ಪಕ್ಕದ ಹಳ್ಳಿ. ಒಂದೂವರೆ ಎಕರೆ ದ್ರಾಕ್ಷಿ, ಬದುವಿನಲ್ಲಿ ಅವರೆ, ಆಚೆ ರಾಗಿ ಕೊಯ್ದ ಹೊಲ, ಅದರಾಚೆ ಅರ್ಧ ತುಂಬಿದ ಕೆರೆ. ಹಿಂಗಾರು ಆಗಷ್ಟೇ ಮುಗಿದಿತ್ತು. ಮಣ್ಣಲ್ಲಿ ಇನ್ನೂ ಹಸಿ ಇತ್ತು. ಹಗಲೆಲ್ಲ ಬಿಸಿಲು ಆ ಹಸಿಯನ್ನು ಗಾಳಿಗೆ ಏರಿಸಿತ್ತು.

ಸಂಜೆ ಆರಕ್ಕೆ ಗಾಳಿ 24 ಡಿಗ್ರಿ ಇತ್ತು ಅಂತ ಹಿಡಿಯಿರಿ. ತೇವಾಂಶ ಶೇಕಡಾ 57. ಕೇಳಲಿಕ್ಕೆ ಇದೇನು ಜಾಸ್ತಿ ಅನ್ನಿಸಲ್ಲ. ಆದರೆ ಇಲ್ಲಿ ಶೇಕಡಾವಾರಿಗಿಂತ ಮುಖ್ಯವಾದ ಇನ್ನೊಂದು ಅಂಕಿ ಇದೆ: ಇಬ್ಬನಿ ಬಿಂದು. ಈ ಗಾಳಿಯನ್ನು ಎಷ್ಟು ಡಿಗ್ರಿಗೆ ತಣ್ಣಗೆ ಮಾಡಿದರೆ ಅದರಲ್ಲಿರುವ ನೀರಾವಿ ಹನಿಯಾಗಲು ಶುರುವಾಗುತ್ತದೆ ಅನ್ನುವುದೇ ಇಬ್ಬನಿ ಬಿಂದು. ನಮ್ಮ ಸಂಜೆಗೆ ಅದು 15 ಡಿಗ್ರಿ. ಅಂದರೆ ಒಂಬತ್ತು ಡಿಗ್ರಿ ಇಳಿದರೆ ಸಾಕು. ಡಿಸೆಂಬರ್ ಕೊನೆಯಲ್ಲಿ ಇಲ್ಲಿ ಸೂರ್ಯ ಮುಳುಗುವುದು ಆರರ ಸುಮಾರಿಗೆ, ಹುಟ್ಟುವುದು ಆರೂ ನಲವತ್ತರ ಸುಮಾರಿಗೆ. ಇಳಿಯಲಿಕ್ಕೆ ಹನ್ನೆರಡು ಗಂಟೆಗೂ ಮೇಲೆ ಸಮಯ ಇದೆ.

ಇದೇ ಸಂಜೆ ಬೆಂಗಳೂರಿನ ಮಧ್ಯದಲ್ಲಿ ಕತೆ ಬೇರೆ. ಕಾಂಕ್ರೀಟು ಹಗಲಿನ ಶಾಖವನ್ನು ಹೊಟ್ಟೆಯಲ್ಲಿ ಇಟ್ಟುಕೊಂಡು ರಾತ್ರಿಯೆಲ್ಲ ಬಿಡುತ್ತಾ ಇರುತ್ತದೆ. ಮೆಜೆಸ್ಟಿಕ್ಕಿನಲ್ಲಿ ಮಂಜು ಕಾಣದ ಎಷ್ಟೋ ಬೆಳಗ್ಗೆ ದೇವನಹಳ್ಳಿಯಲ್ಲಿ ಕೈ ಮುಂದೆ ಚಾಚಿದರೆ ಬೆರಳು ಕಾಣಲ್ಲ. 2008ರ ಮೇ ತಿಂಗಳಲ್ಲಿ ವಿಮಾನಗಳು ಊರೊಳಗಿನ ಎಚ್‌ಎಎಲ್ ನಿಲ್ದಾಣ ಬಿಟ್ಟು ಈ ಬಯಲಿಗೆ ಬಂದವು. ಬಯಲಿನ ಚಳಿಯೂ ಮಂಜೂ ಅದರ ಜೊತೆಗೇ ಬಂತು.

ನೆಲ ಆಕಾಶಕ್ಕೆ ಕೊಡುವ ಸಾಲ

ರಾತ್ರಿ ನೆಲ ತಣ್ಣಗಾಗುವುದು ಮೇಲಿಂದ ಚಳಿ ಬಿದ್ದು ಅಲ್ಲ. ನೆಲ ತನ್ನ ಶಾಖವನ್ನು ಕಣ್ಣಿಗೆ ಕಾಣದ ಅವಕೆಂಪು ಕಿರಣವಾಗಿ ಮೇಲಕ್ಕೆ ಸುರಿಯುತ್ತಿರುತ್ತದೆ. ಹಗಲೂ ಸುರಿಯುತ್ತದೆ, ಆದರೆ ಆಗ ಸೂರ್ಯನ ವರಮಾನ ಇರುತ್ತದೆ. ರಾತ್ರಿ ಬರೀ ಖರ್ಚು.

ಖರ್ಚೆಷ್ಟು? 18 ಡಿಗ್ರಿಯಲ್ಲಿರುವ ನೆಲ ಪ್ರತಿ ಚದರ ಮೀಟರಿಗೆ ಸುಮಾರು 407 ವಾಟ್ ಕಳಿಸುತ್ತದೆ. ಅಷ್ಟೂ ಹೋಗಿಬಿಟ್ಟರೆ ಬೆಳಗಾಗುವಷ್ಟರಲ್ಲಿ ನಾವ್ಯಾರೂ ಏಳುತ್ತಿರಲಿಲ್ಲ. ಪುಣ್ಯಕ್ಕೆ ಆಕಾಶ ಅದರಲ್ಲಿ ದೊಡ್ಡ ಪಾಲನ್ನು ವಾಪಸ್ ಕೊಡುತ್ತದೆ. ಗಾಳಿಯ ಬಹುಪಾಲು ಸಾರಜನಕ, ಆಮ್ಲಜನಕ. ಅವುಗಳಿಗೆ ಈ ಕಿರಣದ ಗೊಡವೆಯೇ ಇಲ್ಲ. ವಾಪಸ್ ಕೊಡುವವರಲ್ಲಿ ಹಿರಿಯಣ್ಣ ನೀರಾವಿ, ಆಮೇಲೆ ಇಂಗಾಲದ ಡೈಆಕ್ಸೈಡ್. ಕಣ್ಣಿಗೆ ಕಾಣದ ನೀರಾವಿ ಶಾಖದ ಕಿರಣವನ್ನು ಎಷ್ಟು ಜೋರಾಗಿ ಹೀರುತ್ತದೆ ಅಂತ 1859ರಿಂದ ಮುಂದಿನ ವರ್ಷಗಳಲ್ಲಿ ಪ್ರಯೋಗ ಮಾಡಿ ತೋರಿಸಿದವನು ಜಾನ್ ಟಿಂಡಲ್.

ಎಷ್ಟು ವಾಪಸ್ ಬರುತ್ತದೆ ಅಂತ ಅಂದಾಜು ಮಾಡಲು ಡೇವಿಡ್ ಬ್ರಂಟ್ ಎಂಬ ಬ್ರಿಟಿಷ್ ಹವಾಮಾನ ವಿಜ್ಞಾನಿ 1932ರಲ್ಲಿ ಒಂದು ಸುಲಭ ಸೂತ್ರ ಕೊಟ್ಟ. ನೆಲದ ಹತ್ತಿರ ಇರುವ ನೀರಾವಿಯ ಒತ್ತಡ ಗೊತ್ತಿದ್ದರೆ ಸಾಕು, ತಿಳಿ ಆಕಾಶ ಎಷ್ಟು ಹಿಂದಿರುಗಿಸುತ್ತದೆ ಅಂತ ಹೇಳಬಹುದು. ಹಳೇ ಸೂತ್ರ, ಒರಟು ಸೂತ್ರ. ನಮ್ಮ ಕೆಲಸಕ್ಕೆ ಧಾರಾಳ ಸಾಕು.

ದೇವನಹಳ್ಳಿಯ ಆ ಸಂಜೆಯ ಗಾಳಿಗೆ ಹಾಕಿ ನೋಡಿದೆ. 407ರಲ್ಲಿ ಸುಮಾರು 321 ವಾಪಸ್ ಬರುತ್ತದೆ. ನಿವ್ವಳ ನಷ್ಟ 86 ವಾಟ್. ಅದೇ 18 ಡಿಗ್ರಿಯ ನೆಲ, ಆದರೆ ಗಾಳಿ ಒಣಗಿ ಇಬ್ಬನಿ ಬಿಂದು 4 ಡಿಗ್ರಿಗೆ ಇಳಿದಿರುವ ಊರು ಅಂತ ಇಟ್ಟುಕೊಳ್ಳಿ. ಚಳಿಗಾಲದಲ್ಲಿ ಬೀದರ್, ವಿಜಯಪುರದ ಕಡೆಯ ಒಣ ರಾತ್ರಿ ನೆನೆಸಿಕೊಳ್ಳಿ. ಅಲ್ಲಿ ನಷ್ಟ 120 ವಾಟ್. ಮಂಗಳೂರಿನ ಬೆವರು ಸುರಿಯುವ ರಾತ್ರಿಗೆ, ಅಂದರೆ ಗಾಳಿ 24 ಡಿಗ್ರಿ, ಇಬ್ಬನಿ ಬಿಂದು 21 ಇರುವಾಗ, ನಷ್ಟ 69 ವಾಟ್ ಮಾತ್ರ.

ಇಲ್ಲೇ ನನಗೆ ಮಜಾ ಅನ್ನಿಸುವುದು. ಮಂಜು ಕಟ್ಟಲು ಎರಡು ಬೇಕು: ನೀರಾವಿ ಬೇಕು, ಚಳಿಯೂ ಬೇಕು. ಆದರೆ ನೀರಾವಿ ಜಾಸ್ತಿ ಆದಷ್ಟೂ ಅದೇ ಕಂಬಳಿಯಾಗಿ ಚಳಿಯನ್ನು ತಡೆಯುತ್ತದೆ. ಒಣ ಊರಿನಲ್ಲಿ ಚಳಿ ಉಂಟು, ಹನಿಯಾಗಲು ನೀರಿಲ್ಲ. ಕರಾವಳಿಯಲ್ಲಿ ನೀರಾವಿ ಬೇಕಾದಷ್ಟುಂಟು, ಆದರೆ ಅದು ಆಳವಾಗಿ, ಮೇಲಿನವರೆಗೂ ತುಂಬಿಕೊಂಡಿದೆ. ನೆಲ ಬೇಗ ತಣಿಯಲ್ಲ. ಜೊತೆಗೆ ಪಕ್ಕದಲ್ಲೇ ಬೆಚ್ಚನೆಯ ಸಮುದ್ರ. ದೇವನಹಳ್ಳಿ ಇವೆರಡರ ನಡುವಿನ ಸಂದಿಯಲ್ಲಿ ಕೂತಿದೆ.

ಆ ಸಂದಿಯ ಗುಟ್ಟು ತೇವ ಎಷ್ಟಿದೆ ಅನ್ನುವುದರಲ್ಲಿ ಮಾತ್ರ ಇಲ್ಲ. ಎಲ್ಲಿದೆ ಅನ್ನುವುದರಲ್ಲೂ ಇದೆ. ಡಿಸೆಂಬರಿನಲ್ಲಿ ಮಳೆ ನಿಂತ ಮೇಲೆ ಮೇಲಿನ ಗಾಳಿ ನಿಧಾನಕ್ಕೆ ಕೆಳಗೆ ಇಳಿಯುತ್ತಾ ಒಣಗುತ್ತದೆ. ಮಣ್ಣಿನ ಹಸಿ, ಕೆರೆಯ ತೇವ, ಡ್ರಿಪ್ಪಿನ ನೀರು ಇವೆಲ್ಲ ಕೆಳಗಿನ ಕೆಲವು ನೂರು ಮೀಟರಿನಲ್ಲೇ ಉಳಿದಿರುತ್ತವೆ. ಕೆಳಗೆ ಒದ್ದೆ, ಮೇಲೆ ಒಣ. ನೆಲದ ಹತ್ತಿರ ಹನಿಯಾಗಲು ಸಾಕಷ್ಟು ನೀರಾವಿ ಇದೆ, ಮೇಲೆ ಶಾಖ ತಪ್ಪಿಸಿಕೊಳ್ಳಲು ಕಿಟಕಿಯೂ ತೆರೆದಿದೆ. ಕಿಟಕಿ ಅಂದದ್ದು ಸುಮ್ನೆ ಅಲ್ಲ, ವಿಜ್ಞಾನಿಗಳೂ ಹಾಗೇ ಕರೆಯುತ್ತಾರೆ. 8ರಿಂದ 13 ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಪಾಲೇ ಒಂದು ಮೈಕ್ರಾನ್) ಅಲೆಯುದ್ದದ ಕಿರಣವನ್ನು ನೀರಾವಿ ಅಷ್ಟಾಗಿ ಮುಟ್ಟುವುದಿಲ್ಲ, ಅದು ಸೀದಾ ಬಾಹ್ಯಾಕಾಶಕ್ಕೆ ಹೋಗುತ್ತದೆ. ಗಾಳಿ ತೀರಾ ಒದ್ದೆಯಾದರೆ ಆ ಕಿಟಕಿಗೂ ಸೊಳ್ಳೆ ಪರದೆ ಹಾಕಿದ ಹಾಗೆ ಆಗುತ್ತದೆ. ಮಂಗಳೂರಿನಲ್ಲಿ ಆಗುವುದು ಅದೇ.

ಒಂದು ಸಣ್ಣ ಲೆಕ್ಕ ಇಲ್ಲೇ ಹೇಳಿಬಿಡುತ್ತೇನೆ. 86 ವಾಟ್‌ನಂತೆ ಹನ್ನೆರಡು ಗಂಟೆ ಹೋದರೆ ಎಷ್ಟಾಯಿತು? ಆ ನಷ್ಟವನ್ನೆಲ್ಲ ಕೆಳಗಿನ ನೂರು ಮೀಟರ್ ಗಾಳಿಯೇ ಭರಿಸಬೇಕಾಗಿದ್ದರೆ ಅದು ಮೂವತ್ತು ಡಿಗ್ರಿಗೂ ಜಾಸ್ತಿ ಇಳಿಯಬೇಕಿತ್ತು. ಹಾಗಾಗುವುದಿಲ್ಲ. ಮಣ್ಣು ತನ್ನ ಒಡಲಿನ ಶಾಖವನ್ನು ಮೇಲಕ್ಕೆ ಕೊಡುತ್ತಾ ಇರುತ್ತದೆ. ದೊಡ್ಡ ಬಿಲ್ ಕಟ್ಟುತ್ತಿರುವುದು ಗಾಳಿಯಲ್ಲ, ಮಣ್ಣು.

ಹೊಂಗೆ ಮರದ ಕೆಳಗಿನ ಕಾರು

ರಾತ್ರಿ ಊಟ ಆದಮೇಲೆ ಅಂಗಳಕ್ಕೆ ಬಂದೆ. ಅವರೆಕಾಳಿನ ಸಾರಿನ ಸೊಗಡು ಕೈಯಲ್ಲಿ ಇನ್ನೂ ಇತ್ತು. ಹಿಮ ಬಿದ್ದಷ್ಟೂ ಅವರೆಗೆ ಸೊಗಡು ಜಾಸ್ತಿ ಅಂತ ನಮ್ಮ ಕಡೆ ಹೇಳುತ್ತಾರೆ. ನಮ್ಮ ಹಳ್ಳಿಗಳಲ್ಲಿ ಇಬ್ಬನಿಗೂ ಮಂಜಿಗೂ ಹಿಮ ಅಂತಲೇ ಹೆಸರು. ಚಿಕ್ಕಪ್ಪ ಆಕಾಶ ನೋಡಿ, "ಮೋಡ ಒಂದು ಚೂರೂ ಇಲ್ಲ ಕಣಪ್ಪ. ಗಾಳಿನೂ ನಿಂತೈತೆ. ಬೆಳಗ್ಗೆ ಹೊತ್ತಿಗೆ ಹಿಮ ಸುರೀತದೆ, ಬೇಗ ಹೊರಡಿ" ಅಂದರು. ಹವಾಮಾನ ಇಲಾಖೆಯ ಮುನ್ಸೂಚನೆಕಾರರೂ ಮೊದಲು ನೋಡುವುದು ಇವೇ: ಸಂಜೆಯ ಇಬ್ಬನಿ ಬಿಂದು, ಮೋಡ, ಗಾಳಿ. ಚಿಕ್ಕಪ್ಪನ ಆಸಕ್ತಿ ಬೇರೆ. ಎಲೆ ರಾತ್ರಿಯೆಲ್ಲ ಒದ್ದೆ ಇದ್ದರೆ ದ್ರಾಕ್ಷಿಗೆ ಬೂಜು ತುಪ್ಪಟ ರೋಗ ಹತ್ತುತ್ತದೆ, ಔಷಧಿ ಹೊಡೆಯಬೇಕು.

ಬೆಳಗ್ಗೆ ನಾಲ್ಕಕ್ಕೆ ಎದ್ದಾಗ ನೋಡಿದ್ದು ಇದು. ಚಿಕ್ಕಪ್ಪನ ಟೆಂಪೊ ಬಯಲಲ್ಲಿ ನಿಂತಿತ್ತು. ಅದರ ಛಾವಣಿ, ಬಾನೆಟ್ಟು, ಮುಂದಿನ ಗಾಜು ಎಲ್ಲಾ ಯಾರೋ ಬಕೆಟ್ಟಲ್ಲಿ ನೀರು ಎರಚಿದ ಹಾಗೆ ಒದ್ದೆ. ಬಾಗಿಲುಗಳ ಮೇಲೆ ಮಾತ್ರ ತೆಳ್ಳನೆ ಮಬ್ಬು. ಅಲ್ಲಿಂದ ಹತ್ತು ಹೆಜ್ಜೆಗೆ, ಹೊಂಗೆ ಮರದ ಕೆಳಗೆ ನನ್ನ ಕಾರು. ಗಾಜು ಒಣ. ಒರೆಸುವ ಕೆಲಸವೇ ಇರಲಿಲ್ಲ.

ಇಬ್ಬನಿ ಮೇಲಿಂದ ಬೀಳುವುದಾಗಿದ್ದರೆ ಮರ ಕೊಡೆ ಹಿಡಿಯಿತು ಅನ್ನಬಹುದಿತ್ತು. ಹಾಗೆ ಅಂದುಕೊಂಡೇ ನಮ್ಮಮ್ಮ ಇವತ್ತಿಗೂ "ಹಿಮ ಬೀಳತ್ತೆ, ತಲೆಗೆ ಬಟ್ಟೆ ಕಟ್ಕೋ" ಅನ್ನುವುದು. ಬಟ್ಟೆ ಕಟ್ಟಿಕೊಳ್ಳುವುದು ಸರಿಯೇ, ಕಾರಣ ಬೇರೆ. ಲಂಡನ್ನಿನ ವೈದ್ಯ ವಿಲಿಯಂ ಚಾರ್ಲ್ಸ್ ವೆಲ್ಸ್ ಉಣ್ಣೆಯ ಸಣ್ಣ ಉಂಡೆಗಳನ್ನು ತೋಟದಲ್ಲಿ ಬೇರೆ ಬೇರೆ ಕಡೆ ಇಟ್ಟು, ಬೆಳಗ್ಗೆ ತೂಗಿ ನೋಡಿ 1814ರಲ್ಲಿ ಇದನ್ನು ಬಿಡಿಸಿ ಬರೆದ. ವಸ್ತುವೇ ಆಕಾಶಕ್ಕೆ ಶಾಖ ಬಿಟ್ಟು ಮೊದಲು ತಣ್ಣಗಾಗುತ್ತದೆ, ಆಮೇಲೆ ಅದನ್ನು ಮುಟ್ಟಿದ ಗಾಳಿಯ ನೀರಾವಿ ಅದರ ಮೇಲೆ ಹನಿಯಾಗುತ್ತದೆ. ಟೆಂಪೊ ಛಾವಣಿಗೆ ತಲೆ ಮೇಲೆ ಪೂರ್ತಿ ಆಕಾಶ ಇತ್ತು. ತೆಳು ತಗಡು ಬೇರೆ, ನೆಲದ ಶಾಖ ಅದಕ್ಕೆ ತಲುಪುವುದಿಲ್ಲ. ಬಾಗಿಲು ಅರ್ಧ ಆಕಾಶ, ಅರ್ಧ ನೆಲ ನೋಡುತ್ತಿತ್ತು. ನನ್ನ ಕಾರು ನೋಡುತ್ತಿದ್ದದ್ದು ಹೊಂಗೆ ಎಲೆಗಳನ್ನು. ಎಲೆ ಸುಮಾರು ಗಾಳಿಯಷ್ಟೇ ಬೆಚ್ಚಗಿತ್ತು. ಕಾರು ಬಿಟ್ಟ ಶಾಖವನ್ನು ಅದು ಹೆಚ್ಚುಕಡಿಮೆ ಪೂರ್ತಿ ವಾಪಸ್ ಕೊಟ್ಟಿತ್ತು.

ಇಬ್ಬನಿಗೂ ಮಂಜಿಗೂ ಪೈಪೋಟಿ

ಇಬ್ಬನಿ ಬಿದ್ದ ಕೂಡಲೇ ಮಂಜು ಬಂದೇ ಬರುತ್ತದೆ ಅಂತಲ್ಲ. ನಿಜ ಹೇಳಬೇಕೆಂದರೆ ಇಬ್ಬನಿ ಮಂಜಿನ ಪಾಲು ಕದಿಯುತ್ತದೆ. ಗಾಳಿಯ ನೀರಾವಿಯನ್ನು ಎಲೆ, ತಗಡು, ಹುಲ್ಲು ಎಳೆದುಕೊಂಡಷ್ಟೂ ಗಾಳಿ ಒಣಗುತ್ತದೆ. ಗಾಳಿ ಪೂರ್ತಿ ಸತ್ತುಹೋದ ರಾತ್ರಿ ಬರೀ ಇಬ್ಬನಿಯಲ್ಲೇ ಕತೆ ಮುಗಿಯಬಹುದು. ಸ್ವಲ್ಪ ಅಲ್ಲಾಡಿದರೆ, ಸೆಕೆಂಡಿಗೆ ಒಂದೆರಡು ಮೀಟರ್, ನೆಲದ ಚಳಿ ಮೇಲಿನ ಗಾಳಿಗೂ ಹಂಚಿಕೆಯಾಗಿ ಮಂಜು ದಪ್ಪಗಾಗುತ್ತದೆ. ಇನ್ನೂ ಜೋರಾದರೆ ಮೇಲಿನ ಬೆಚ್ಚನೆಯ ಒಣಗಾಳಿ ಕೆಳಗಿಳಿದು ಎಲ್ಲಾ ಕೆಡಿಸುತ್ತದೆ.

ಇನ್ನೊಂದು ಪಾತ್ರ ದೂಳು, ಹೊಗೆಯದು. ನೀರಾವಿಗೆ ಹನಿಯಾಗಲು ಕೂರುವ ಜಾಗ ಬೇಕು. ಹೊಗೆ, ದೂಳು, ಉಪ್ಪಿನ ಕಣಗಳೇ ಆ ಪೀಠ. ಲೇಔಟು ಏಳುತ್ತಿರುವ ಕಡೆಯೆಲ್ಲ ಅದಕ್ಕೇನೂ ಬರ ಇಲ್ಲ. ಕಣ ಜಾಸ್ತಿ ಇದ್ದರೆ ಅಷ್ಟೇ ನೀರು ಹೆಚ್ಚು ಹನಿಗಳಿಗೆ ಹಂಚಿಹೋಗುತ್ತದೆ. ಹನಿಯ ಅಡ್ಡಳತೆ ಅರ್ಧಕ್ಕೆ ಇಳಿದರೆ ಹನಿಗಳ ಸಂಖ್ಯೆ ಎಂಟುಪಟ್ಟು, ಅವು ಬೆಳಕಿಗೆ ಅಡ್ಡ ಬರುವುದು ಎರಡುಪಟ್ಟು. ನೀರು ಅಷ್ಟೇ, ಕಾಣುವ ದೂರ ಮಾತ್ರ ಅರ್ಧ.

ಇಲ್ಲಿ ಒಂದು ದೇಸಿ ಕತೆ ಬರುತ್ತದೆ, ಬಿಟ್ಟು ಹೋಗಲು ಮನಸ್ಸಿಲ್ಲ. ಬ್ರಂಟ್ ಸೂತ್ರ ಬರೆದ ಅದೇ 1932ರಲ್ಲಿ, ಸಿ. ವಿ. ರಾಮನ್ ಅವರ ಶಿಷ್ಯ ಎಲ್. ಎ. ರಾಮದಾಸ್ ಮತ್ತು ಅವರ ಸಹೋದ್ಯೋಗಿ ಆತ್ಮನಾಥನ್ ಒಂದು ವಿಚಿತ್ರ ಅಳತೆ ಪ್ರಕಟಿಸಿದರು. ತಿಳಿಯಾದ, ಗಾಳಿ ನಿಂತ ರಾತ್ರಿ ಅತಿ ತಣ್ಣನೆಯ ಗಾಳಿ ಇರುವುದು ಬರಿ ನೆಲಕ್ಕೆ ಅಂಟಿಕೊಂಡಲ್ಲ, ನೆಲದಿಂದ ಸ್ವಲ್ಪ ಮೇಲೆ, ಹೆಚ್ಚುಕಡಿಮೆ ಮೊಣಕಾಲೆತ್ತರದ ಒಳಗೆ. ತಣ್ಣನೆ ಗಾಳಿ ಭಾರ, ಅದು ಬೆಚ್ಚನೆ ಗಾಳಿಯ ಮೇಲೆ ಕೂರುವುದುಂಟಾ? ಥರ್ಮಾಮೀಟರೇ ಸರಿ ಇಲ್ಲ ಅಂದವರೂ ಇದ್ದರು. ಆಮೇಲೆ ಬೇರೆಯವರು ಅಳೆದಾಗಲೂ ಅದೇ ಬಂತು. ಇವತ್ತು ಅದಕ್ಕೆ ರಾಮದಾಸ್ ಪದರ ಅಂತಲೇ ಹೆಸರು.

ಅರವತ್ತು ವರ್ಷದ ನಂತರ, 1993ರಲ್ಲಿ, ಬೆಂಗಳೂರಿನಲ್ಲಿದ್ದ ಎ. ಎಸ್. ವಾಸುದೇವ ಮೂರ್ತಿ, ಜೆ. ಶ್ರೀನಿವಾಸನ್ ಮತ್ತು ರೊದ್ದಂ ನರಸಿಂಹ ಇದಕ್ಕೆ ನೀರಾವಿಯ ವಿಕಿರಣವನ್ನೇ ಮುಖ್ಯವಾಗಿಟ್ಟು ಸಿದ್ಧಾಂತ ಕೊಟ್ಟರು. ನೆಲ ಮಾತ್ರ ಅಲ್ಲ, ನೆಲದ ಪಕ್ಕದ ಒದ್ದೆ ಗಾಳಿಯೂ ತಾನೇ ಕಿರಣ ಬಿಟ್ಟು ತಣಿಯುತ್ತದೆ ಅನ್ನುವುದು ಅದರ ತಿರುಳು. ಆಮೇಲೆ ಜಕ್ಕೂರಿನ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಕೆ. ಆರ್. ಶ್ರೀನಿವಾಸ್ ಅವರ ತಂಡ, ಬರೀ ನೀರಾವಿಯಿಂದ ಇಷ್ಟು ಚಳಿ ಬರಲ್ಲ, ನೆಲದ ಹತ್ತಿರ ದಟ್ಟವಾಗಿರುವ ದೂಳಿನ ಕಣಗಳೂ ಕಿರಣ ಬಿಡುತ್ತವೆ ಅಂತ ವಾದಿಸಿತು. ಆ ಕೇಂದ್ರದವರು ದೇವನಹಳ್ಳಿಯ ವಿಮಾನ ನಿಲ್ದಾಣದ ಆವರಣದಲ್ಲೇ ಉಪಕರಣ ನೆಟ್ಟು ಅಳತೆ ಮಾಡಿದ್ದಾರೆ. ಜಕ್ಕೂರಿನಿಂದ ಅದೇ ಬಳ್ಳಾರಿ ರಸ್ತೆ ಹಿಡಿದು ಬಂದರೆ ಆಯಿತು. ಪ್ರಪಂಚದ ಎಲ್ಲೋ ಮೂಲೆಯ ವಿಜ್ಞಾನ ಅಲ್ಲ ಇದು, ಅತ್ತಿಗೆ ಕೂತಿದ್ದ ಜಾಗದ ಆಚೆ ಬದಿಯದು.

ಮಂಜು ಮೋಡವಾಗುವ ಹೊತ್ತು

ಮೂರೂವರೆ, ನಾಲ್ಕರ ಸುಮಾರಿಗೆ ಗಾಳಿ 15 ಡಿಗ್ರಿ ಮುಟ್ಟಿತು ಅಂತ ಇಟ್ಟುಕೊಳ್ಳಿ. ಈಗ ಒಂದು ತಿರುವು. 15 ಡಿಗ್ರಿಯ ಗಾಳಿ ಘನ ಮೀಟರಿಗೆ ಸುಮಾರು 12.8 ಗ್ರಾಂ ನೀರಾವಿ ಹಿಡಿಯುತ್ತದೆ, 14 ಡಿಗ್ರಿಯದು ಸುಮಾರು 12.1 ಗ್ರಾಂ. ಒಂದು ಡಿಗ್ರಿ ಇಳಿದರೆ ಮುಕ್ಕಾಲು ಗ್ರಾಂ ಹನಿಯಾಗಬೇಕು. ಹನಿಯಾಗುವಾಗ ನೀರಾವಿ ತನ್ನೊಳಗಿನ ಶಾಖ ಬಿಟ್ಟುಕೊಡುತ್ತದೆ. ಒಣಗಾಳಿಯ ಘನ ಮೀಟರನ್ನು ಒಂದು ಡಿಗ್ರಿ ಇಳಿಸಲು ಇಲ್ಲಿ ಸುಮಾರು 1100 ಜೂಲ್ ತೆಗೆದರೆ ಸಾಕು. ಒದ್ದೆ ತುಂಬಿದ ಗಾಳಿಯಿಂದ ಸುಮಾರು 3000 ಜೂಲ್ ತೆಗೆಯಬೇಕು. ಹಾಗಾಗಿ ಇಬ್ಬನಿ ಬಿಂದು ಮುಟ್ಟಿದ ಮೇಲೆ ಇಳಿತ ಮೂರನೇ ಒಂದು ಪಾಲಿಗೆ ನಿಧಾನವಾಗುತ್ತದೆ. ಸಂಜೆಯ ಇಬ್ಬನಿ ಬಿಂದು ನೋಡಿ ಬೆಳಗಿನ ಕನಿಷ್ಠ ಉಷ್ಣತೆಯನ್ನು ಊಹಿಸುವ ಹಳೆಯ ರೂಢಿ ಬಂದದ್ದು ಹೀಗೆ.

ಮೊದಮೊದಲು ಮಂಜು ಸೊಂಟದೆತ್ತರ, ಕೆರೆ ಏರಿಯ ಕೆಳಗೆ ಹಾಲು ಚೆಲ್ಲಿದ ಹಾಗೆ. ತಲೆ ಎತ್ತಿದರೆ ನಕ್ಷತ್ರ ಇನ್ನೂ ಕಾಣುತ್ತವೆ. ಇಲ್ಲಿಯವರೆಗೆ ಶಾಖ ಬಿಡುತ್ತಿದ್ದದ್ದು ನೆಲ. ಮಂಜು ದಪ್ಪಗಾಗಿ ನಕ್ಷತ್ರ ಮರೆಯಾದ ಗಳಿಗೆಯಲ್ಲಿ ಆ ಕೆಲಸ ಕೈ ಬದಲಾಗುತ್ತದೆ. ನೀರಾವಿ ಕಿಟಕಿ ಬಿಟ್ಟಿತ್ತು ಅಂದೆನಲ್ಲ, ನೀರ ಹನಿ ಹಾಗಲ್ಲ. ಅದು ಕಿಟಕಿಯನ್ನೂ ಮುಚ್ಚುತ್ತದೆ. ಇನ್ನು ನೆಲಕ್ಕೆ ಆಕಾಶ ಕಾಣಲ್ಲ. ಆಕಾಶ ಕಾಣುವುದು ಮಂಜಿನ ನೆತ್ತಿಗೆ ಮಾತ್ರ. ಮೇಲೆ ಒಣಗಾಳಿ, ತೆರೆದ ಕಿಟಕಿ. ನೆತ್ತಿಯ ಕೆಲವು ಹತ್ತು ಮೀಟರ್ ಪದರ ಗಂಟೆಗೆ ಕೆಲವು ಡಿಗ್ರಿ ಇಳಿಯುವಷ್ಟು ಜೋರಾಗಿ ಶಾಖ ಬಿಡುತ್ತದೆ. ತಣಿದ ಗಾಳಿ ಮುಳುಗುತ್ತದೆ, ಕೆಳಗಿನದು ಏಳುತ್ತದೆ, ಹಾಲು ಕಡೆದ ಹಾಗೆ ಮಂಜೆಲ್ಲ ಒಳಗೊಳಗೇ ಕಲಕುತ್ತದೆ, ಎತ್ತರವೂ ಬೆಳೆಯುತ್ತದೆ.

ಈಗ ಇದು ಮೋಡವೇ. ಕಡಲ ಮೇಲೆ ಹಾಸಿಕೊಂಡಿರುವ ತೆಳು ಮೋಡದ ಹಾಸುಗಳು ಬದುಕಿರುವುದೂ ನೆತ್ತಿಯ ಇದೇ ತಣಿಯುವಿಕೆಯಿಂದ. ನಂದಿಬೆಟ್ಟದ ಗೆಳೆಯ ಅದನ್ನು ಮೋಡ ಅಂದ, ಅತ್ತಿಗೆ ಮಂಜು ಅಂದರು. ಇಬ್ಬರೂ ಸರಿ. ಕೆಳಗೆ ನೆಲದ ಹತ್ತಿರ ಮಾತ್ರ ಒಂದು ತಮಾಷೆ ನಡೆದಿರುತ್ತದೆ: ಕಂಬಳಿ ಹೊದ್ದ ಮಣ್ಣು ಒಳಗಿನ ಶಾಖದಿಂದ ನಿಧಾನಕ್ಕೆ ಮತ್ತೆ ಬೆಚ್ಚಗಾಗುತ್ತಿರುತ್ತದೆ.

ಇಷ್ಟೆಲ್ಲ ಗಲಾಟೆ ಮಾಡಿದ ನೀರು ಎಷ್ಟು ಗೊತ್ತಾ? ದಟ್ಟ ಮಂಜಿನ ಘನ ಮೀಟರಿನಲ್ಲಿ 0.2 ಗ್ರಾಂ ನೀರಿದ್ದರೆ ಜಾಸ್ತಿ. ದೇವನಹಳ್ಳಿಯ ರನ್‌ವೇ 4000 ಮೀಟರ್ ಉದ್ದ. ಅಗಲ 45 ಮೀಟರ್, ಮಂಜು ನೂರು ಮೀಟರ್ ಎತ್ತರ ಅಂತ ಹಿಡಿಯಿರಿ. ಗುಣಿಸಿದರೆ ರನ್‌ವೇಯ ಮೇಲಿರುವ ಒಟ್ಟು ನೀರು 3600 ಲೀಟರ್. ಬೇಸಿಗೆಯಲ್ಲಿ ಅಪಾರ್ಟ್‌ಮೆಂಟಿಗೆ ಬರುವ ಒಂದು ಟ್ಯಾಂಕರಿನಷ್ಟೂ ಇಲ್ಲ! ಚದರ ಮೀಟರಿಗೆ 20 ಗ್ರಾಂ. ಚೆನ್ನಾಗಿ ಇಬ್ಬನಿ ಬಿದ್ದ ರಾತ್ರಿ ಹುಲ್ಲಿನ ಮೇಲೆ ಕೂತಿರುವ ನೀರೇ ಇದಕ್ಕಿಂತ ಜಾಸ್ತಿ ಇರುತ್ತದೆ.

ರನ್‌ವೇಯ ಲೆಕ್ಕ

ಕಾಣುವ ದೂರ ಒಂದು ಕಿಲೋಮೀಟರಿಗಿಂತ ಕಡಿಮೆಯಾದರೆ ಹವಾಮಾನದವರ ಭಾಷೆಯಲ್ಲಿ ಅದು ಮಂಜು. ಪೈಲಟ್‌ಗೆ ಬೇಕಾದದ್ದು ರನ್‌ವೇಯ ಮೇಲೆ ಎಷ್ಟು ದೂರ ಕಾಣುತ್ತದೆ ಅನ್ನುವ ಅಂಕಿ. ಸಾಮಾನ್ಯ ವ್ಯವಸ್ಥೆಯಲ್ಲಿ ಇಳಿಯಲು 550 ಮೀಟರ್ ಕಾಣಬೇಕು. ಈಗ ಇಲ್ಲಿನ ದಕ್ಷಿಣ ರನ್‌ವೇಗೆ ಕ್ಯಾಟ್ 3ಬಿ ಅನ್ನುವ, ದಟ್ಟ ಮಂಜಿನಲ್ಲೂ ವಿಮಾನ ಇಳಿಸಲು ನೆರವಾಗುವ ವ್ಯವಸ್ಥೆ ಬಂದಿದೆ. 50 ಮೀಟರ್ ಕಂಡರೂ ಇಳಿಯಬಹುದು, ಏರಲು 125 ಮೀಟರ್ ಸಾಕು. ಆದರೆ ವಿಮಾನದಲ್ಲೂ ಆ ಉಪಕರಣ ಇರಬೇಕು, ಪೈಲಟ್‌ಗೂ ಆ ತರಬೇತಿ ಆಗಿರಬೇಕು. ಇಲ್ಲದವರು ಕಾಯಬೇಕು. ಇಳಿದವರು ಗೇಟಿಗೆ ಬರಲೂ ಮಂಜಿನಲ್ಲೇ ತೆವಳಬೇಕು, ಹೀಗಾಗಿ ಒಂದು ತಡ ಇನ್ನೊಂದನ್ನು ಎಳೆಯುತ್ತದೆ. ದೆಹಲಿಯ ಕಡೆಯೂ ಅದೇ ಹೊತ್ತಿಗೆ ಮಂಜಿದ್ದರೆ ಕೇಳೋದೇ ಬೇಡ.

ಉಪಗ್ರಹದಿಂದ ರಾತ್ರಿ ಮಂಜನ್ನು ಹಿಡಿಯುವ ಉಪಾಯ ಒಂದಿದೆ. ಮಂಜಿಗೂ ನೆಲಕ್ಕೂ ಉಷ್ಣತೆ ಹೆಚ್ಚುಕಡಿಮೆ ಒಂದೇ ಇರುವುದರಿಂದ ಸಾಮಾನ್ಯ ಅವಕೆಂಪು ಚಿತ್ರದಲ್ಲಿ ಎರಡೂ ಒಂದೇ ಥರ ಕಾಣುತ್ತವೆ. ಆದರೆ ಸಣ್ಣ ಹನಿಗಳು 3.9 ಮೈಕ್ರಾನ್ ಕಿರಣವನ್ನು 10.8 ಮೈಕ್ರಾನಿನಷ್ಟು ಚೆನ್ನಾಗಿ ಬಿಡುವುದಿಲ್ಲ. ಎರಡು ಚಿತ್ರಗಳನ್ನು ಒಂದರಿಂದೊಂದು ಕಳೆದರೆ ಮಂಜು ಎದ್ದು ಕಾಣುತ್ತದೆ. ನಮ್ಮ ಇನ್ಸಾಟ್-3ಡಿ ಸರಣಿಯ ಉಪಗ್ರಹಗಳ ಚಿತ್ರಗಳಿಂದ ಹೀಗೆ ಕಳೆದು ನೋಡುತ್ತಾರೆ.

ಬಿಡುವುದು ಹೇಗೆ

ಆರೂ ನಲವತ್ತಕ್ಕೆ ಸೂರ್ಯ ಹುಟ್ಟಿದ ಕೂಡಲೇ ಮಂಜು ಓಡಲ್ಲ. ಬಿಸಿಲಿನ ಒಂದು ಪಾಲನ್ನು ಅದರ ಬಿಳಿ ನೆತ್ತಿಯೇ ಮೇಲಕ್ಕೆ ಚೆಲ್ಲುತ್ತದೆ. ಉಳಿದದ್ದು ತೂರಿಬಂದು ನೆಲ ಕಾಯಿಸಬೇಕು, ನೆಲ ಕೆಳಗಿನ ಗಾಳಿ ಕಾಯಿಸಬೇಕು. ಅದಕ್ಕೇ ಮಂಜು ಕೆಳಗಿನಿಂದ ಕರಗುತ್ತದೆ. ಆ ದಿನ ಎಂಟೂವರೆ ದಾಟಿದ ಮೇಲೆ ನೋಡಿದರೆ, ಮೊದಲು ಮರದ ಬುಡ ಕಂಡಿತು, ಆಮೇಲೆ ಮರ, ಆಮೇಲೆ ಹೈಟೆನ್ಷನ್ ಕಂಬದ ಸೊಂಟ. ಕಂಬದ ತಲೆ ಇನ್ನೂ ಬಿಳಿಯೊಳಗೇ ಇತ್ತು. ಮಂಜು ಎದ್ದು ತೆಳು ಮೋಡದ ಹಾಸಾಗಿತ್ತು. ಅದು ಹರಿದು ಚಿಂದಿಯಾಗಿ ಬಿಸಿಲು ಬೀಳುವ ಹೊತ್ತಿಗೆ ಒಂಬತ್ತು ದಾಟಿತ್ತು. ಅತ್ತಿಗೆಯ ವಿಮಾನ ಹೊರಟದ್ದು ಹತ್ತಕ್ಕೆ.

ನಾನು ಆ ದಿನ ಚಿಕ್ಕಪ್ಪನ ಮನೆಯಲ್ಲೇ ಉಳಿದೆ. ಮಧ್ಯಾಹ್ನ ಅವರು ತೋಟಕ್ಕೆ ಔಷಧಿ ಹೊಡೆಸಿದರು. ಸಂಜೆ ಅದೇ ಬೆಚ್ಚಗೆ, ಅದೇ ತೇವ, ಗಾಳಿಯೂ ಅಷ್ಟೇ ಮೆತ್ತಗೆ. ಇವತ್ತೂ ಮಂಜು ಗ್ಯಾರಂಟಿ ಅಂದೆ. ಚಿಕ್ಕಪ್ಪ ಪೂರ್ವಕ್ಕೆ ಕೈ ತೋರಿಸಿದರು. ಬಂಗಾಳಕೊಲ್ಲಿಯ ಕಡೆಯಿಂದ ಬೂದು ಮೋಡದ ಒಂದು ಅಂಚು ಏಳುತ್ತಿತ್ತು. "ಮೋಡ ಮುಚ್ಕೊಂಡ್ರೆ ಹಿಮ ಇಲ್ಲ ಬಿಡು" ಅಂದರು.

ಹತ್ತು ಗಂಟೆಗೆಲ್ಲ ಮೋಡ ಪೂರ್ತಿ ಮುಚ್ಚಿಕೊಂಡಿತು. ಅದರ ತಳ 15 ಡಿಗ್ರಿ ಇತ್ತು ಅಂತ ಹಿಡಿದರೆ ಅದು ಕೆಳಕ್ಕೆ ಕಳಿಸುವುದು ಸುಮಾರು 390 ವಾಟ್. ನೆಲ ಕೊಡುವ 407ರಲ್ಲಿ ಕಳೆದುಹೋಗುವುದು ಬರೀ 17. ಹಿಂದಿನ ರಾತ್ರಿ 86 ಇತ್ತು. ಒಂಬತ್ತು ಡಿಗ್ರಿ ಇಳಿಯುವ ಮಾತೇ ಇಲ್ಲ. ಅರ್ಧರಾತ್ರಿಗೆ ಸೆಕೆಯಾಗಿ ನಾನು ಕಂಬಳಿ ತೆಗೆದೆ.

ಬೆಳಗ್ಗೆ ಎದ್ದು ಅಂಗಳಕ್ಕೆ ಹೋದೆ. ಟೆಂಪೊ ಬಯಲಲ್ಲೇ ನಿಂತಿತ್ತು, ಕಾರು ಹೊಂಗೆ ಕೆಳಗೆ. ಎರಡರ ಗಾಜಿನ ಮೇಲೂ ಕೈ ಆಡಿಸಿದೆ. ಎರಡೂ ಒಣ.